ಮಾಲೆ ತೆಗೆಯುವ ದಿನ

ಕೆಳಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಮೊನ್ನೆ ಬೆಳಿಗ್ಗೆ ಒಂದು ತಗಡಿನ ಡಬ್ಬಿ ತಂದುಕೊಟ್ಟಳು. ಶಬರಿಮಲೆಯ ಅರವಣ ಪಾಯಸ. ಅವಳ ಗಂಡ ಯಾತ್ರೆ ಮುಗಿಸಿ ಆಗಷ್ಟೇ ಬಂದಿದ್ದ. “ಪ್ರಸಾದ ಆಂಟಿ. ಬಿಸಿಗಿಸಿ ಮಾಡ್ಬೇಡಿ, ಹಾಗೇ ತಿನ್ನಿ” ಎಂದು ಸೇವನಾವಿಧಿಯನ್ನೂ ಬೋಧಿಸಿ ಇಳಿದುಹೋದಳು. ಮುಚ್ಚಳ ತೆಗೆದೆ. ಕಪ್ಪಗೆ ಕುದಿದ ಬೆಲ್ಲ, ತುಪ್ಪ, ಒಣಶುಂಠಿ... ಆ ವಾಸನೆಗೆ ಆಸ್ತಿಕರಿಗೆಲ್ಲ ತಾನಾಗಿ ಕೈ ಮುಗಿಯಬೇಕೆನಿಸುತ್ತದಂತೆ. ನನಗೆ ಓಡಿಹೋಗಿ ಬೀದಿಬಾಗಿಲಿನ ಚಿಲಕ ಹಾಕಬೇಕೆನಿಸಿತು.

ಈ ವೈಪರೀತ್ಯಕ್ಕೆ ಕಾರಣ ನಮ್ಮನೆಯವರು. ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನನ್ನಜ್ಜಿ ಹೇಳಿಕೊಟ್ಟಿದ್ದರು. ಮದುವೆಯಾದಂದಿನಿಂದ ಈ ಮುನ್ನೆಚ್ಚರಿಕೆಯನ್ನು ಚಾಚೂ ತಪ್ಪದೆ ಪಾಲಿಸಿದೆ. ಫಲಿತಾಂಶ ನೋಡಿದರೆ ಅಜ್ಜಿಯ ಶಾಸ್ತ್ರದಲ್ಲಿ ಎಲ್ಲೋ ಲೋಪವಿರಬೇಕು. ಆದರೂ ಈಗ ಬಾಯಿಗೆ ಬರುವುದಿಲ್ಲ.

ನಮ್ಮನೆಯವರು ಕುಡಿಯುತ್ತಿದ್ದರು. ಇದನ್ನು ಹೇಳದೇ ಹೇಳುವುದಕ್ಕೆ ಸಭ್ಯ ಕುಟುಂಬಗಳಲ್ಲಿ ಬೇಕಾದಷ್ಟು ಮಾತುಗಳಿವೆ. ‘ಫ್ರೆಂಡ್ಸ್ ಸ್ವಲ್ಪ ಜಾಸ್ತಿ’, ‘ಲಿವರ್ ಸ್ವಲ್ಪ ವೀಕು’, ‘ಆಫೀಸಿನಲ್ಲಿ ಟೆನ್ಷನ್ನು’. ನಾನು ಎಲ್ಲವನ್ನೂ ಬಳಸಿ ಸವೆಸಿಬಿಟ್ಟಿದ್ದೇನೆ. ಅವರಿಗೆ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ನೇರ ಗೆರೆ ಎಳೆಯುವುದರಲ್ಲಿ ಹೆಸರುವಾಸಿ. ಸಾಯಂಕಾಲ ಬಂದು, ಮುಖ ತೊಳೆದು, ತಲೆ ಬಾಚಿ, “ಸರ್ಕಲ್ ತನಕ ಹೋಗಿಬರ್ತೀನಿ ಕಣೇ” ಎಂದು ಹೊರಡುವರು. ಕತ್ರಿಗುಪ್ಪೆ ಸರ್ಕಲ್ಲಿಗೆ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಹೋಗುವ ದಾರಿ ನೇರವಾಗಿಯೇ ಇರುತ್ತಿತ್ತು. ಬರುವ ದಾರಿಯಲ್ಲಿ ಗೆರೆ ಕೈಕೊಡುತ್ತಿತ್ತು.

ಒಂದು ಸಂಜೆ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಹೋದರೆ, ತಿರುವಿನಲ್ಲಿ ಚರಂಡಿಯ ಕಲ್ಲುಚಪ್ಪಡಿಯ ಮೇಲೆ ಪದ್ಮಾಸನ ಹಾಕಿ ಕೂತಿದ್ದರು. ಚಪ್ಪಲಿಗಳನ್ನು ದೇವಸ್ಥಾನದ ಮುಂದೆ ಬಿಡುವ ಹಾಗೆ ಜೋಡಿಸಿ ಬಿಟ್ಟಿದ್ದರು. ನನ್ನನ್ನು ನೋಡಿ, “ಬಂದ್ಯಾ? ಇವ್ರೆಲ್ಲ ನಮ್ಮನೆ ಎಲ್ಲಿ ಅಂತ ಕೇಳಿದ್ರೆ ಹೇಳ್ತಾನೇ ಇಲ್ಲ ಕಣೇ” ಎಂದು ಅಲ್ಲಿದ್ದ ಒಂದು ನಾಯಿಯ ಮೇಲೆ ದೂರು ಹೇಳಿದರು. ನಗಬಾರದಿತ್ತು. ನಕ್ಕೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತೆ. ಕುಡುಕ ಗಂಡಂದಿರು ಹೊಡೆಯುತ್ತಾರೆಂದು ಕೇಳಿದ್ದೆ. ಇವರು ಮಲ್ಲಿಗೆ ಹೂವು ತರುತ್ತಿದ್ದರು. ಆ ಹೂವಿನ ಮೇಲೇ ವಾಂತಿಯನ್ನೂ ಮಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಎದ್ದು, ನೆಲ ಒರೆಸುತ್ತಿದ್ದ ನನ್ನ ಕಾಲು ಹಿಡಿದು ಪ್ರಮಾಣ ಮಾಡುತ್ತಿದ್ದರು. ಸಂಜೆಗೆ ಸರ್ಕಲ್ಲು. ಇಂಥವರನ್ನು ದ್ವೇಷಿಸುವುದಕ್ಕೆ ಒಂದು ಕ್ರಮ ಬೇಕು. ಅದು ನನಗೆ ಕಡೆಯವರೆಗೂ ಕೂಡಿಬರಲಿಲ್ಲ.

ಲೋಕಕ್ಕೆ ಉತ್ತರಾಯಣ, ದಕ್ಷಿಣಾಯನ ಎಂದು ಎರಡು ಅಯನಗಳು. ನಮ್ಮ ಮನೆಗೂ ಎರಡೇ: ಮಾಲೆ ಇರುವ ಕಾಲ, ಮಾಲೆ ಇಲ್ಲದ ಕಾಲ. ಪ್ರತಿ ವರ್ಷ ಕಾರ್ತಿಕದಲ್ಲಿ ನಮ್ಮನೆಯವರು ಅಯ್ಯಪ್ಪನ ಮಾಲೆ ಹಾಕಿಕೊಳ್ಳುತ್ತಿದ್ದರು. ಅಂದಿನಿಂದ ಕರೀ ಪಂಚೆ, ಬರಿಗಾಲು, ಗಡ್ಡ, ಮುಂಜಾನೆ ತಣ್ಣೀರು ಸ್ನಾನ. ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಸರ್ಕಲ್ಲಿನ ಬಾರಿನ ಮುಂದೆಯೇ ನಡೆದು ಭಜನೆಗೆ ಹೋಗುವರು, ಅತ್ತ ಕತ್ತೂ ತಿರುಗಿಸುತ್ತಿರಲಿಲ್ಲ. ಕೈ ನಡುಗುವುದು ನಿಲ್ಲುತ್ತಿತ್ತು, ಕಣ್ಣು ಬೆಳ್ಳಗಾಗುತ್ತಿತ್ತು, ಗ್ಯಾಸ್ ಸಿಲಿಂಡರು ತಾವೇ ಬದಲಿಸುವರು. ಇಂಥ ಗಂಡನನ್ನು ಕೊಡು ಎಂದೇ ನಾನು ಮದುವೆಗೆ ಮುಂಚೆ ಪೂಜೆ ಮಾಡಿದ್ದು.

ಒಂದೇ ತೊಡಕು. ಆ ಕಾಲದಲ್ಲಿ ಅವರು ನನ್ನ ಗಂಡನಲ್ಲ.

ಮಾಲೆ ಹಾಕಿದವರನ್ನು ‘ಸ್ವಾಮಿ’ ಎಂದೇ ಕರೆಯಬೇಕು, ಹೆಂಡತಿಯಾದರೂ ಅಷ್ಟೆ. ಅವರಿಗೋ ಹೆಂಗಸರೆಲ್ಲ ತಾಯಂದಿರು. ಹಾಗಾಗಿ ನನ್ನನ್ನು “ಅಮ್ಮಾ” ಎನ್ನುತ್ತಿದ್ದರು. “ಅಮ್ಮಾ, ಊಟಕ್ಕೆ ಬಡಿಸಿ.” “ಸ್ವಾಮಿ, ಹುಳಿ ಹಾಕಲೇ?” ಒಳ್ಳೆ ನಾಟಕದ ಕಂಪನಿಯ ಹಾಗಿತ್ತು ನಮ್ಮ ಸಂಸಾರ. ಅವರು ನಡುಮನೆಯಲ್ಲಿ ದಿಂಬಿಲ್ಲದೆ ಚಾಪೆಯ ಮೇಲೆ, ನಾನು ಕೋಣೆಯಲ್ಲಿ. ಮುಟ್ಟುವ ಹಾಗಿಲ್ಲ. ನನ್ನ ತಿಂಗಳ ದಿನಗಳಲ್ಲಂತೂ ಮನೆಯಲ್ಲೇ ಇರುವ ಹಾಗಿಲ್ಲ, ಪಕ್ಕದ ಬಡಾವಣೆ ಶ್ರೀನಗರದಲ್ಲಿದ್ದ ಅಕ್ಕನ ಮನೆಗೆ ಚೀಲ ಹಿಡಿದು ಹೊರಡಬೇಕು. ಕುಡಿದು ಬಿದ್ದ ಕಾಲದಲ್ಲಿ ಒಂದು ದಿನವೂ ಗಂಡನ ಮನೆ ಬಿಟ್ಟವಳಲ್ಲ ನಾನು. ಅವರು ಕುಡಿಯದಿದ್ದಾಗ ಮಾತ್ರ ಬಿಡಬೇಕಾಯಿತು. ಅಕ್ಕ ಒಂದು ಸಲ ಕೇಳಿದಳು: “ಅಲ್ವೇ, ಈಗ ಚೆನ್ನಾಗಿದಾರಲ್ಲ, ಇನ್ನೇನೇ ನಿಂಗೆ ಕಷ್ಟ?” ನಾನು ಚೀಲದ ಸೀರೆಗಳನ್ನು ತೆಗೆದು ಮತ್ತೆ ಮಡಿಸಿದೆ.

ಸಂಕ್ರಾಂತಿಯ ಹೊತ್ತಿಗೆ ಯಾತ್ರೆ ಮುಗಿಸಿ ಬರುವರು, ಇದೇ ಡಬ್ಬಿ ಹಿಡಿದುಕೊಂಡು. ಮಾಲೆಯನ್ನು ಮನೆಯಲ್ಲಿ ತಾಯಿ ತೆಗೆಯುವುದು ಅವರ ಗುಂಪಿನ ಪದ್ಧತಿ. ಅತ್ತೆ ತೀರಿಕೊಂಡ ಮೇಲೆ ಆ ಕೆಲಸ ನನ್ನದೆಂದು ಗುರುಸ್ವಾಮಿಗಳ ಅಪ್ಪಣೆಯಾಯಿತು. ಗುರುಸ್ವಾಮಿ ಎಂದರೆ ಯಾತ್ರೆಗೆ ಕರೆದೊಯ್ಯುವ ಹಿರಿಯ. ಕತ್ರಿಗುಪ್ಪೆ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು, ಈಗ ಬಾಡಿಗೆ ಮನೆಗಳ ಒಡೆಯರು. ದೇವರ ಮುಂದೆ ನಮ್ಮನೆಯವರು ತಲೆ ಬಗ್ಗಿಸಿ ನಿಲ್ಲುವರು, ನಾನು ಮಾಲೆಯನ್ನು ಕತ್ತಿನಿಂದ ಮೇಲಕ್ಕೆತ್ತಬೇಕು. ಅಷ್ಟು ದಿನಗಳ ಮೇಲೆ ಮೊದಲ ಸಲ ಅವರನ್ನು ಮುಟ್ಟುವುದು ಆಗಲೇ. ಬೆರಳು ಕಿವಿಗೆ ತಾಗುತ್ತಿತ್ತು. ಒರಟು ಗಡ್ಡ, ವಿಭೂತಿ ಮೆತ್ತಿದ ಕತ್ತು... ಅವರು ಕಣ್ಣೆತ್ತಿ “ಏನೇ” ಎನ್ನುವರು. ಆ ಒಂದು “ಏನೇ”ಗೆ ನಾನು ಆರೇಳು ವಾರ ಕಾದಿರುತ್ತಿದ್ದೆ. ಅದೇ ಸಂಜೆ ಮುಖ ತೊಳೆದು, ತಲೆ ಬಾಚಿ, ಸರ್ಕಲ್ ತನಕ. ಲೋಕಕ್ಕೆಲ್ಲ ಪುಣ್ಯಕಾಲ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಮುಗಿಯುತ್ತಿತ್ತು.

ಕೊನೆಯ ವರ್ಷ ಮಾಲೆ ಹಾಕುವ ಮುಂಚೆ ಅವರಿಗೆ ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, “ನೋಡಮ್ಮ, ಇನ್ಮೇಲೆ ಮುಟ್ಟಿದ್ರೆ ನನ್ ಹತ್ರ ಕರ್ಕೊಂಡ್ ಬಂದೂ ಪ್ರಯೋಜನ ಇಲ್ಲ” ಎಂದರು. ಸುತ್ತಿ ಬಳಸದೆ ಮಾತಾಡುವ ಮನುಷ್ಯ. ಆ ಸಲ ಯಾತ್ರೆಯಿಂದ ಬಂದು ದೇವರ ಮುಂದೆ ತಲೆ ಬಗ್ಗಿಸಿ ನಿಂತಾಗ, ನನ್ನ ಕೈ ಮೇಲೇಳಲಿಲ್ಲ.

“ಇವತ್ತು ಮಂಗಳವಾರ ಸ್ವಾಮಿ” ಎಂದೆ. “ಬೇಡ.”

“ಸರಿ ಅಮ್ಮಾ” ಎಂದರು.

ಅಲ್ಲಿಂದ ನಾನು ಪಂಚಾಂಗವನ್ನು ನನ್ನ ಪರ ವಕೀಲನನ್ನಾಗಿ ನೇಮಿಸಿಕೊಂಡೆ. ಅಷ್ಟಮಿ ಬೇಡ, ನವಮಿ ಬೇಡ, ಅಮಾವಾಸ್ಯೆ ಕೇಳಲೇಬೇಡಿ. ದಿನ ಚೆನ್ನಾಗಿದ್ದರೆ ನಕ್ಷತ್ರ ಸರಿಯಿಲ್ಲ, ನಕ್ಷತ್ರ ಸರಿಯಿದ್ದರೆ ರಾಹುಕಾಲ ಮುಗಿಯುವುದರೊಳಗೆ ನನಗೆ ತಲೆನೋವು. ಪ್ರತಿ ಸಲವೂ ಅವರು “ಸರಿ ಅಮ್ಮಾ” ಎನ್ನುವರು. ನಂಬುತ್ತಿದ್ದರೋ, ನನ್ನ ಹಾಗೆ ಅವರಿಗೂ ಮಾಲೆ ತೆಗೆಯುವುದೆಂದರೆ ಹೆದರಿಕೆಯೋ... ಕೇಳುವ ಧೈರ್ಯವಾಗಲಿಲ್ಲ. ಕೇಳಿದರೆ ನಾಟಕ ನಿಂತುಹೋಗುತ್ತದೆ.

ಶಿವರಾತ್ರಿ ಹತ್ತಿರವಾಯಿತು. ಗುರುಸ್ವಾಮಿಗಳು ಒಂದು ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಕರೆದರು.

“ಏನವ್ವಾ, ಎಲ್ರೂ ಮಾಲೆ ತೆಗ್ದು ಬಿರ್ಯಾನಿ ತಿಂದಿದ್ದೂ ಆಯ್ತು. ನಮ್ ಸ್ವಾಮಿ ಮಾತ್ರ ಇನ್ನೂ ಕರೀ ಬಟ್ಟೇಲೇ ಅವ್ರಲ್ಲ?”

“ಒಳ್ಳೇ ದಿನ ಸಿಗ್ತಿಲ್ಲ ಗುರುಸ್ವಾಮಿ.”

ಅವರು ನನ್ನ ಮುಖವನ್ನೇ ನೋಡಿದರು. “ನೀನು ಹುಡುಕ್ತಿರೋ ಒಳ್ಳೇ ದಿನ ಪಂಚಾಂಗದಲ್ಲಿ ಇಲ್ಲ ಕಣವ್ವ” ಎಂದರು. ಹೊರಟವರು ತಿರುಗಿ, “ಇರ್ಲಿ ಬುಡು. ಅಯ್ಯಪ್ಪಂಗೇನು ಅರ್ಜೆಂಟಾ?” ಎಂದು ಸೇರಿಸಿದರು.

ಅಯ್ಯಪ್ಪನಿಗಿರಲಿಲ್ಲ. ನನಗೇ ಶುರುವಾಯಿತು. ಬಿಸಿಲು ಏರುತ್ತಿತ್ತು, ಅವರು ಕರೀ ಬಟ್ಟೆಯಲ್ಲಿ ಬೆವರುತ್ತ, ಕಾದ ರಸ್ತೆಯ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಹಾಲು ತರುತ್ತಿದ್ದರು. ಆರೋಗ್ಯ ಅಮೋಘ. ಮುಖದಲ್ಲಿ ತೇಜಸ್ಸು. ಮನೆಯಲ್ಲಿ ನಗುವಿಲ್ಲ, ಜಗಳವಿಲ್ಲ, ನಾಯಿಯ ಮೇಲೆ ದೂರಿಲ್ಲ. ಬಚ್ಚಲ ನಲ್ಲಿಯನ್ನು ಜೋರಾಗಿ ಬಿಡುವ ಅಗತ್ಯವೂ ಇರಲಿಲ್ಲ. ನನ್ನ ಗಂಡ ಬದುಕಿದ್ದರು, ಅದರಲ್ಲಿ ಸಂದೇಹವಿಲ್ಲ. ಆದರೆ ನಡುಮನೆಯ ಚಾಪೆಯ ಮೇಲೆ ಮಲಗಿದ್ದವರು ಯಾರು? ಅವರು ನಿದ್ದೆಯಲ್ಲಿ ಮಗ್ಗುಲಾಗುವುದನ್ನು ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೋಡಿ, ಛೀ, ಎಂಥ ದುರಾಸೆಯವಳು ನಾನು, ಉಸಿರಾಡುತ್ತಿರುವುದು ಸಾಲದೇ, ಎಂದು ನನ್ನನ್ನೇ ಬೈದುಕೊಂಡು ಬಂದು ಮಲಗುತ್ತಿದ್ದೆ.

ಯುಗಾದಿಗೆ ಕೆಲವೇ ದಿನ ಬಾಕಿ. ತರಕಾರಿ ತಂದು ಬಾಗಿಲು ತೆಗೆದರೆ ಕಾಫಿ ಡಿಕಾಕ್ಷನ್ನಿನ ಪರಿಮಳ. ಅವರು ಗಡ್ಡ ಬೋಳಿಸಿ, ನೀಲಿ ಚೌಕುಳಿಯ ಹಳೇ ಶರ್ಟು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದರು. ಮಾಲೆ ದೇವರ ಪಟದ ಮೊಳೆಗೆ ನೇತಾಡುತ್ತಿತ್ತು.

“ಏನೇ, ಸಕ್ಕರೆ ಸಾಕಾ ನೋಡು” ಎಂದು ಲೋಟ ಚಾಚಿದರು.

“ಯಾರು ತೆಗೆದ್ರು?”

“ನಾನೇ.”

“ಇವತ್ತು ದಿನ ಚೆನ್ನಾಗಿಲ್ಲ ರೀ...”

“ನಿನ್ ಪಂಚಾಂಗ ನಾನೂ ನೋಡ್ದೆ. ಮುಂದಿನ್ ಕಾರ್ತಿಕದ ತನಕ ಒಂದು ದಿನಾನೂ ಚೆನ್ನಾಗಿಲ್ಲ.”

ನಗು ಬಂತು. ಅವರು ಸ್ಲ್ಯಾಬಿಗೆ ಒರಗಿ, ನೆಲ ನೋಡುತ್ತ ಹೇಳಿದರು: “ಇಷ್ಟ್ ದಿನ ಕುಡೀದೇ ಇದ್ದಿದ್ದು ಸ್ವಾಮಿ ಕಣೇ. ನಾನಲ್ಲ. ನಾನು ಕುಡೀದೇ ಇರೋಕಾಗತ್ತಾ ಅಂತ ಒಂದ್ಸಲ ನೋಡ್ಬೇಕು.”

“ಆಗದೇ ಹೋದ್ರೆ?”

“ಅದಕ್ಕೇ ಕಾಫಿ ಮಾಡಿದೀನಿ, ಆರೋಗತ್ತೆ, ಕುಡಿ.”

ಸಂಜೆ ಮುಖ ತೊಳೆದು, ತಲೆ ಬಾಚಿದರು. “ಚಪ್ಪಲಿ ಹಾಕ್ಕೋ” ಎಂದರು ನನಗೆ. “ಸರ್ಕಲ್ ತನಕ ಹೋಗಿಬರೋಣ.” ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಪುಣ್ಯಕ್ಷೇತ್ರಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ಅದೇ ಮೊದಲು. ಬಾರಿನ ಮುಂದೆ ಹಾಯುವಾಗ ನನ್ನ ಮುಂಗೈ ಹಿಡಿದುಕೊಂಡರು, ಬಳೆ ಒತ್ತಿ ನೋಯುವಷ್ಟು ಗಟ್ಟಿಯಾಗಿ. ಗಾಡಿಯ ಹತ್ತಿರ ನಿಂತು ಚುರುಮುರಿ ತಿಂದೆವು. ಖಾರಕ್ಕೆ ಅವರ ಮೂಗಿನಲ್ಲಿ ನೀರು. ನನ್ನ ಸೆರಗಿನಲ್ಲೇ ಒರೆಸಿಕೊಂಡರು, ಬೀದಿಯಲ್ಲಿ, ಎಲ್ಲರ ಎದುರಿಗೆ. ಬೈದೆ. ಇಡೀ ಸಂಸಾರದಲ್ಲಿ ಸುಖ ಯಾವುದು ಎಂದು ಯಾರಾದರೂ ವಿಚಾರಣೆ ನಡೆಸಿದರೆ ಆ ಸೆರಗನ್ನು ಹಾಜರುಪಡಿಸುತ್ತೇನೆ.

ಯುಗಾದಿ ದಾಟಿತು, ಮಾವಿನಹಣ್ಣಿನ ಕಾಲವೂ ದಾಟಿತು. ದಿನಾ ಸಂಜೆ ಇಬ್ಬರೂ ಹೋಗಿಬರುತ್ತಿದ್ದೆವು. ನಾನು ಪಂಚಾಂಗ ನೋಡುವುದನ್ನು ಬಿಟ್ಟೆ. ಆಮೇಲೆ ಆಷಾಢದ ಗಾಳಿ ಬೀಸುವ ಒಂದು ಸಂಜೆ, ನಾನು ಹಿಟ್ಟು ಕಲಸುತ್ತಿದ್ದಾಗ, ಬಾಗಿಲ ಹತ್ತಿರದಿಂದ “ಹೋಗಿಬರ್ತೀನಿ ಕಣೇ” ಎಂಬ ದನಿ ಕೇಳಿಸಿತು. “ತಡೀರಿ, ಕೈ ತೊಳ್ಕೊಂಡು ಬರ್ತೀನಿ” ಎಂದೆ. ಬಂದು ನೋಡಿದರೆ ಬಾಗಿಲು ತೆರೆದಿತ್ತು, ಚಪ್ಪಲಿ ಇರಲಿಲ್ಲ...

ಮುಂದಿನದು ಡಾಕ್ಟರು ಹೇಳಿದಂತೆಯೇ ಆಯಿತು. ದಸರಾ ಮುಗಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಕಾರ್ತಿಕದಲ್ಲಿ ಬೀದಿಯ ತುಂಬ ಕರೀ ಬಟ್ಟೆಯ ಸ್ವಾಮಿಗಳು ಓಡಾಡಿದರು. ನಮ್ಮ ಮಾಲೆ ಮೊಳೆಯಲ್ಲೇ ಇತ್ತು.

ವೈಕುಂಠ ಸಮಾರಾಧನೆಗೆ ಒಂದು ಫೋಟೋ ಬೇಕಾಯಿತು. ಎರಡೇ ಇದ್ದವು. ಒಂದರಲ್ಲಿ ಸ್ವಾಮಿ: ಗಡ್ಡ, ವಿಭೂತಿ, ಕೈ ಮುಗಿದ ಭಂಗಿ, ಗೋಡೆಗೆಂದೇ ತೆಗೆದ ಹಾಗೆ. ಇನ್ನೊಂದು ಯಾವುದೋ ರಿಸೆಪ್ಷನ್ನಿನದು; ಕೆಂಪು ಕಣ್ಣು, ವಾರೆ ನಿಂತ ಕನ್ನಡಕ, ಬಾಯಿ ತುಂಬ ನಗು. ಎರಡನೆಯದನ್ನು ಕೊಟ್ಟೆ. ಅಕ್ಕ ನನ್ನ ಕೈ ಹಿಡಿದುಕೊಂಡಳು. “ಬೇಡ ಕಣೇ, ನೋಡಿದೋರಿಗೆ ಗೊತ್ತಾಗತ್ತೆ. ಆ ಸ್ವಾಮೀದು ಹಾಕು, ಎಷ್ಟ್ ಲಕ್ಷಣವಾಗಿದಾರೆ.”

“ಅವರು ನಂಗೆ ಅಷ್ಟು ಪರಿಚಯ ಇಲ್ಲ ಅಕ್ಕ” ಎಂದೆ.

ಹಾಗೆಂದೆನೇ ಹೊರತು ಅದೂ ಪೂರ್ತಿ ನಿಜವಲ್ಲ. ಸ್ವಾಮಿಯನ್ನು ಇನ್ನಷ್ಟು ವರ್ಷ ಕಾಪಾಡಿಕೊಂಡಿದ್ದರೆ ಇವತ್ತಿಗೂ ನಡುಮನೆಯಲ್ಲಿ ಚಾಪೆ ಹಾಸಿರುತ್ತಿತ್ತೋ ಏನೋ. ಅವರು ಗೆದ್ದು ಸೋತರೋ, ಸೋಲುವುದು ಗೊತ್ತಿದ್ದೂ ನನಗೋಸ್ಕರ ಒಂದು ಬೇಸಿಗೆ ಗೆದ್ದರೋ... ಈ ಮೊಕದ್ದಮೆ ನನ್ನಲ್ಲಿ ಇನ್ನೂ ನಡೆಯುತ್ತಲೇ ಇದೆ. ಸಾಕ್ಷಿಯೂ ನಾನೇ, ನ್ಯಾಯಾಧೀಶಳೂ ನಾನೇ, ತೀರ್ಪು ಬರೆಯಲು ಕೂತರೆ ಕಣ್ಣು ಮಂಜಾಗುತ್ತದೆ.

ಮೊನ್ನೆ ಸಂಜೆ ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದಾಗ, ಕೆಳಗೆ ಗೇಟಿನಲ್ಲಿ ಆ ಹುಡುಗಿ ನಿಂತಿದ್ದಳು. ಅವಳ ಗಂಡ ಗಡ್ಡ ಬೋಳಿಸಿಕೊಂಡು ಬೈಕ್ ಹೊರಗೆ ತೆಗೆಯುತ್ತಿದ್ದ. ತಲೆಯೆತ್ತಿ ನನ್ನನ್ನು ನೋಡಿ, “ಮಾಲೆ ತೆಗೆದಾಯ್ತು ಆಂಟಿ” ಎಂದು ನಕ್ಕಳು. ಆ ನಗು ಯಾವ ಬಗೆಯದೆಂದು ನನಗೆ ತಿಳಿಯಲಿಲ್ಲ. ಎಲ್ಲರ ಮನೆಯ ಕಥೆಯೂ ನಮ್ಮದೇ ಆಗಬೇಕಿಲ್ಲವಲ್ಲ. “ಒಳ್ಳೇದಾಯ್ತು ಕಣಮ್ಮ” ಎಂದೆ. ಬೈಕು ತಿರುವು ದಾಟುವ ತನಕ ಅವಳೂ ನೋಡಿದಳು, ನಾನೂ ನೋಡಿದೆ.

ಒಳಗೆ ಬಂದು ಪ್ರಸಾದವನ್ನು ಒಂದು ಚಮಚ ಬಟ್ಟಲಿಗೆ ಹಾಕಿ ಫೋಟೋದ ಮುಂದೆ ಇಡಲು ಹೋದೆ. ಕೈ ಅರ್ಧಕ್ಕೇ ನಿಂತಿತು. ಈ ವಾಸನೆ ಬಂದರೆ ಅವರು ಮುಖ ತೊಳೆದು, ತಲೆ ಬಾಚಿ ಹೊರಟುಬಿಡುತ್ತಾರೆ ಎಂಬ ಹಳೆಯ ದಿಗಿಲು. ಹೋಗುವುದಾದರೆ ಇನ್ನು ಎಲ್ಲಿಗೆ ಹೋಗುತ್ತಾರೆ, ಹೇಳಿ. ವಾರೆ ಕನ್ನಡಕದವರು ನಗುತ್ತಲೇ ಇದ್ದರು.

ಬಟ್ಟಲು ಇಟ್ಟೆ. ಬೀದಿಬಾಗಿಲಿನ ಚಿಲಕ ಮಾತ್ರ ಹಾಕಿ ಬಂದೆ.