ಸೈಡ್‌ಕಾರಿಗೆ ಬೇಕಾದ ತೂಕ

ಉಗುರಿನ ಸಂದಿಯ ಕಪ್ಪು ಹೋಗಲೆಂದು ಎದುರುಮನೆಯ ವೈನಿ ಆ ಬೆಳಿಗ್ಗೆ ನಲ್ಲಿಯ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನಿಂದ ಬೆರಳು ತಿಕ್ಕುತ್ತಿದ್ದರು. ನೀರು ಆರೂವರೆಗೆ ನಿಂತುಬಿಡುತ್ತಿತ್ತು. ನಾನು ಎರಡೂ ಮನೆಯ ಕೊಡಗಳನ್ನು ತುಂಬಿಸಿಡುತ್ತಿದ್ದೆ. ವೈನಿ ಎಂದರೆ ಅತ್ತಿಗೆ, ಕಟ್ಟಡದವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು.

"ಅವ್ವ ಮೊದಲ ಕೈ ನೋಡ್ತಾಳ್ರಿ," ಎಂದರು. "ಮುಖ ಆಮ್ಯಾಲೆ."

ಅವರ ತಾಯಿ, ಈಗ ಸಂಭಾಜಿನಗರ ಎನ್ನುವ ಊರಿನಲ್ಲಿ, ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಾವಿದ್ದ ನಾಸಿಕ್ ರೋಡಿನಿಂದ ಬಸ್ಸಿಗೆ ಅರ್ಧ ದಿನದ ದಾರಿ, ಅಷ್ಟೇ. ಆದರೂ ವೈನಿ ಎರಡು ವರ್ಷದಿಂದ ಹೋಗಿರಲಿಲ್ಲ. ಕೇಳಿದಾಗಲೆಲ್ಲ ಅವರ ಯಜಮಾನರು, ಗಾಡಿ ತಯಾರಾಗಲಿ, ಅದರಲ್ಲೇ ರಾಣಿಯ ಹಾಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದರು.

ಗಾಡಿ ಎಂದರೆ ಗುಜರಿಯಿಂದ ತಂದ, ಯಾವುದೋ ಕಾಲದ ಮೋಟರ್ ಸೈಕಲ್ಲು. ಪಡಸಾಲೆಯಲ್ಲೇ ಅದನ್ನು ಬಿಚ್ಚಿ ಹರವಿದ್ದರು. ವೈನಿ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಚ್ಚಿದ ಕ್ರಮದಲ್ಲೇ ಹಳೇ ಸೀರೆಯ ಮೇಲೆ ಜೋಡಿಸಿ, ಯಾರೂ ದಾಟದಂತೆ ಸುತ್ತ ರಂಗೋಲಿಯ ಗೆರೆ ಎಳೆದಿದ್ದರು. ಎಂಜಿನ್ ಚಾಲೂ ಆದಮೇಲಂತೂ ರೊಟ್ಟಿ ಬಡಿಯುತ್ತಲೇ, "ಟ್ಯಾಪೆಟ್ ಸಡಿಲ ಆಗೇತ್ರಿ" ಎನ್ನುವರು. ಯಜಮಾನರು ಸುಮ್ಮನಿರೆಂದು ಗದರಿ, ಸ್ವಲ್ಪ ಹೊತ್ತಿಗೆ ನಟ್ಟು ತಿರುವುವ ಪಾನಾ ಅವರ ಕೈಗೇ ಕೊಡುವರು.

ಗಾಡಿಯ ಎಡಕ್ಕೆ ಒಂದು ಸೈಡ್‌ಕಾರ್ ಕೂಡಿಸಿದ್ದರು. ಒಂದೇ ಚಕ್ರದ, ತಗಡಿನ ತೊಟ್ಟಿಲಿನಂಥದು. ಖಾಲಿಯಿದ್ದರೆ ಎಡತಿರುವಿನಲ್ಲಿ ಅದು ಮೇಲೇಳುತ್ತದೆ, ಒಬ್ಬರ ಭಾರ ಬೇಕೇ ಬೇಕು. ಅದಕ್ಕೆಂದು ವೈನಿಯನ್ನು ಉಳ್ಳಾಗಡ್ಡಿ ವ್ಯಾಪಾರಿಯ ತಕ್ಕಡಿಯ ಮೇಲೆ ಹಮಾಲರೆದುರಿಗೆ ನಿಲ್ಲಿಸಿ ತೂಗಿಸಿ, ಅಷ್ಟೇ ತೂಕದ ಎರಡು ಚೀಲ ಉಳ್ಳಾಗಡ್ಡಿ ತಂದು, ಅವನ್ನು ಕೂಡಿಸಿಕೊಂಡು ಗಾಡಿ ಪರೀಕ್ಷೆ ಮಾಡಿದ್ದರು. ಹಮಾಲರು ನಕ್ಕದ್ದನ್ನೂ ವೈನಿ ನನಗೆ ನಗುತ್ತಲೇ ಹೇಳಿದ್ದರು. ಸೀಟಿನ ರೆಕ್ಸಿನ್ ಹೊಲಿದವರೂ ಅವರೇ.

ಆ ದಿನ ಸಂಭಾಜಿನಗರದಲ್ಲಿ ಹಳೇ ಗಾಡಿಗಳ ಮೇಳ. ಏಳಕ್ಕೆ ಯಜಮಾನರ ಗೆಳೆಯರಿಬ್ಬರು ತಮ್ಮ ಗಾಡಿಗಳಲ್ಲಿ ಬಂದರು. ವೈನಿ ಹಸಿರು ಸೀರೆ ಉಟ್ಟು, ತಾಯಿಗೆಂದು ಕಟ್ಟಿದ ಉಂಡೆಯ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಎಂಜಿನ್ನಿನ ಸದ್ದು ಕೇಳಿ ಒಬ್ಬ ಗೆಳೆಯ, ಇದನ್ನು ಹದ ಮಾಡಿದ ಮಿಸ್ತ್ರಿ ಯಾರು ಎಂದು ಹಿಂದಿಯಲ್ಲಿ ವಿಚಾರಿಸಿದ. ಯಜಮಾನರು ಬಾಯಿ ತೆರೆಯುವ ಮೊದಲೇ ನಾನು, ಒಳ್ಳೆಯ ಮಾತು ಹೇಳಿದರೆ ತಪ್ಪೇನು ಎಂದು ಕಾನ್ವೆಂಟಿನಲ್ಲಿ ಕಲಿತವಳು, ಎಲ್ಲ ವೈನಿಯದೇ ಕೈ ಎಂದುಬಿಟ್ಟೆ. ಹಾಗಾದರೆ ನೀನು ಬರೀ ಡ್ರೈವರ್ ಎಂದು ಗೆಳೆಯರು ನಕ್ಕರು. ಯಜಮಾನರೂ ನಕ್ಕರು. ಒಳಗೆ ಹೋಗಿ ಆ ಎರಡು ಚೀಲಗಳನ್ನು ಎತ್ತಿ ತಂದು, ವೈನಿ ಹೊಲಿದ ಸೀಟಿನ ಮೇಲಿಟ್ಟು ಹಗ್ಗ ಬಿಗಿದರು.

"ಇವನ್ನ ಒಯ್ತೀನಿ. ತೂಕ ಅಷ್ಟ ಐತಿ, ಬಾಯಿ ಇಲ್ಲ."

ವೈನಿ ಡಬ್ಬಿಯನ್ನು ಕೆಳಗಿಟ್ಟು ಇಳಿದು ಬಂದರು. "ಹಗ್ಗ ಗಾಲಿಗೆ ಸಿಗತೈತ್ರಿ," ಎಂದು ತುದಿಯನ್ನು ಒಳಗೆ ಸಿಕ್ಕಿಸಿ, ಗಂಟನ್ನು ಮತ್ತೊಮ್ಮೆ ಎಳೆದು ನೋಡಿ ಸರಿದು ನಿಂತರು. ಗಾಡಿಗಳು ಹೋದವು. ಡಬ್ಬಿ ಮೆಟ್ಟಿಲ ಮೇಲೆಯೇ ಉಳಿಯಿತು.

ಮೂರು ವಾರಕ್ಕೆ ಆ ತಾಯಿ ತೀರಿಕೊಂಡರು. ವೈನಿ ಬಸ್ಸಿನಲ್ಲಿ ಹೋದರು, ಮಣ್ಣಿಗೆ. ಈಗ ವೈನಿಯೂ ಇಲ್ಲ. ನಿನ್ನ ಮಾತಿನಿಂದಾಯಿತೆಂದು ಅವರು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಯಾರನ್ನಾದರೂ ಹೊಗಳುವ ಮುಂಚೆ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ನಾನು ಇಂದಿಗೂ ನೋಡುತ್ತೇನೆ.

ಗಾಡಿಗಳು ಹೋದ ದಿನವೇ ಸಂಜೆ ಫೋನು ಬಂದಿತ್ತು. ಕಟ್ಟಡಕ್ಕೆಲ್ಲ ನಮ್ಮ ಮನೆಯದೊಂದೇ ಫೋನು. ವೈನಿಯ ಯಜಮಾನರು ಖುಷಿಯಲ್ಲಿದ್ದರು. ಗಾಡಿಯನ್ನು ಎಲ್ಲರೂ ಮೆಚ್ಚಿದರಂತೆ. ಉಳ್ಳಾಗಡ್ಡಿಯನ್ನು ಅತ್ತೆಯ ಮನೆಯಲ್ಲಿ ಇಳಿಸಿದರಂತೆ, ಬರುವಾಗ ಕಲ್ಲು ಹಾಕಿಕೊಂಡರಾಯಿತು. ಮುದುಕಿ ಚೀಲದ ಕಡೆ ನೋಡದೆ ಮಗಳೆಲ್ಲಿ ಮಗಳೆಲ್ಲಿ ಎಂದಳಂತೆ. ಅದನ್ನೂ ನಗುತ್ತಲೇ ಹೇಳಿದರು.

ಕೆಳಗೆ ಕಟ್ಟೆಯ ಮೇಲೆ ವೈನಿ ಬಾಗಲಕೋಟೆ ಕಡೆಯ ನೆರೆಯಾಕೆಯೊಂದಿಗೆ ಅಕ್ಕಿ ಆರಿಸುತ್ತಿದ್ದರು. ತಾಯಿಯ ಮಾತೊಂದನ್ನು ನುಂಗಿಕೊಂಡು ಉಳಿದದ್ದನ್ನು ಹೇಳಿದೆ. ವೈನಿಯ ಬೆರಳು ಮೊರದ ಮೇಲೆ ನಿಂತಿತು. ನೆರೆಯಾಕೆ ಒಂದು ಹರಳನ್ನು ಆಯ್ದು ಅಂಗಳಕ್ಕೆ ಎಸೆದರು.

"ಅಳಿಯಾ ಅಂದ್ರ ಹಿಂಗಿರಬೇಕ್ರಿ. ಅತ್ತಿ ಮನಿಗೆ ಬರಿಗೈಲೆ ಹೋಗಲಿಲ್ಲ ನೋಡ್ರಿ."