ನೆಗಡಿಗೆ ಬೀಗ ಹಾಕಿದ್ದು

ನಾನು ಕ್ಷೌರಿಕ. ಮನೆಯಿಂದ ಎರಡು ಬೀದಿ ಆಚೆ ನನ್ನದೊಂದು ಕಟಿಂಗ್ ಶಾಪ್ ಇದೆ. ಎರಡು ಕುರ್ಚಿ, ಉದ್ದನೆಯ ಕನ್ನಡಿ, ಕಾಯುವವರಿಗೊಂದು ಬೆಂಚು. ಒಬ್ಬರಿಗೆ ಬಳಸಿದ ಕತ್ತಿಯನ್ನು ಕುದಿಯುವ ನೀರಿಗೆ ಹಾಕದೆ ಇನ್ನೊಬ್ಬರ ಕೆನ್ನೆಗೆ ಮುಟ್ಟಿಸುವವನಲ್ಲ. ಕೊರಳಿಗೆ ಕಟ್ಟುವ ಬಟ್ಟೆಯೂ ಅಷ್ಟೇ, ಒಬ್ಬರದು ಇನ್ನೊಬ್ಬರಿಗಿಲ್ಲ. ಈ ಕಾರಣಕ್ಕೆ ಬೀದಿಯವರು ನನ್ನನ್ನು ತಮಾಷೆಗೆ ‘ಡಾಕ್ಟ್ರು’ ಎಂದು ಕರೆಯುತ್ತಿದ್ದರು. ಅದು ತಮಾಷೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮನೆಯ ಸ್ವಚ್ಛತೆಗೆ ನನ್ನ ಕೊಡುಗೆ ಎಂದರೆ ಬಚ್ಚಲಲ್ಲಿ ಕೂದಲು ಕಂಡರೆ ಗೊಣಗುವುದು. ಹೆಂಡತಿ ಅಚ್ಚುಕೂಟದಲ್ಲಿ ಪುಸ್ತಕ ಹೊಲಿಯುವ ಕೆಲಸ ಮುಗಿಸಿ ಬಂದು ಗುಡಿಸಿ ಒರೆಸುತ್ತಿದ್ದಳು, ದೊಡ್ಡ ಮಗಳು ಕೈಜೋಡಿಸುತ್ತಿದ್ದಳು. ಹರಡುವ ಕೆಲಸವನ್ನು ಚಿಕ್ಕವಳೂ ನಾನೂ ಹಂಚಿಕೊಂಡಿದ್ದೆವು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ ಮಾವನವರು ನಮ್ಮ ಮನೆಗೆ ಬಂದರು. ಜೀವಮಾನವೆಲ್ಲ ಲಾರಿ ಓಡಿಸಿದ ಮನುಷ್ಯ. ಮಳೆಗಾಲದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿ, ಬಟ್ಟೆಯೊಳಗೆ ಅರ್ಧ ಮಾತ್ರ ಉಳಿದು ಹೊರಬಂದಿದ್ದರು. ಹೆಂಡತಿಯೂ ನಾನೂ ಅವರನ್ನು ಡಾಕ್ಟರ ಬಳಿ ಕರೆದೊಯ್ದೆವು. ಈ ಚಳಿಗಾಲದಲ್ಲಿ ಇವರಿಗೆ ನೆಗಡಿ ಹತ್ತದ ಹಾಗೆ ನೋಡಿಕೊಳ್ಳಿ, ಮನೆ ಶುಚಿಯಾಗಿರಲಿ ಎಂದು ಡಾಕ್ಟರು ಹೇಳಿದರು. ಆಮೇಲೂ ಬಹಳ ಹೊತ್ತು ಹೇಳಿದರು. ಅವರ ಎಡಗಿವಿಯ ಹಿಂದೆ ಯಾರೋ ಕೂದಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಬಿಟ್ಟಿದ್ದರು. ನನ್ನ ಗಮನವೆಲ್ಲ ಅಲ್ಲೇ ಇತ್ತು.

ಮನೆಗೆ ಬರುತ್ತಲೇ ಇದು ನನ್ನ ಜವಾಬ್ದಾರಿ ಎಂದು ಸಾರಿದೆ. ಹೆಂಡತಿ ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನಾನು ನೆಗಡಿಯ ಹಿಂದೆ ಅಕ್ಷರಶಃ ಕೈತೊಳೆದುಕೊಂಡು ಬಿದ್ದೆ. ಬಾಗಿಲ ಬಳಿ ಸೋಪು, ನೀರು ಇಟ್ಟೆ. ಕೈ ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಒಬ್ಬೊಬ್ಬರಿಗೆ ಬೇರೆ ಟವೆಲು, ಬೇರೆ ಲೋಟ. ಬೆಳಿಗ್ಗೆ ಸಂಜೆ ನೆಲಕ್ಕೆ ಫಿನಾಯಿಲ್. ಯಾರಾದರೂ ಸೀನಿದರೆ ಹಿಂದಿನ ಕೋಣೆಯಲ್ಲಿ ಒಬ್ಬರೇ ಮಲಗಬೇಕು, ಹೆಚ್ಚು ಮಾತಾಡಬಾರದು. ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಜಾಣ ಎನ್ನಿಸಿಕೊಂಡು ಬದುಕಬಹುದಿತ್ತು. ಆದರೆ ಒಂದು ಭಾನುವಾರ ಅಂಟು ಕಲಸಿಕೊಂಡು ಕೂತು, ಮನೆಯ ಎಲ್ಲ ಕಿಟಕಿಗಳ ಸಂದಿಗೂ ಹಳೆಯ ಪೇಪರ್ ಅಂಟಿಸಿಬಿಟ್ಟೆ. ಗಾಳಿಯೇ ಬರದಿದ್ದರೆ ಚಳಿ ಎಲ್ಲಿಂದ ಬಂದೀತು? ಹೊರಗೆ ಮಂಜು ಎಂದು ಒಗೆದ ಬಟ್ಟೆಯನ್ನೂ ಒಳಗೇ ಹಗ್ಗ ಕಟ್ಟಿ ಹಾಕಿಸಿದೆ. ಬೆಚ್ಚಗಿರಲಿ ಎಂದು ಒಲೆಯ ಮೇಲೆ ಸದಾ ಒಂದು ಪಾತ್ರೆ ನೀರು ಕುದಿಯುತ್ತಿರುವಂತೆ ನೋಡಿಕೊಂಡೆ.

ಸ್ವಲ್ಪ ದಿನದಲ್ಲೇ ಗೋಡೆಗಳು ಬೆವರತೊಡಗಿದವು. ಅದನ್ನು ನಾನು ಬೆಚ್ಚಗಿರುವುದರ ಗುರುತು ಎಂದುಕೊಂಡೆ. ಮಾವನವರು ಮಂಚದ ಮೇಲಿಂದ ಒಮ್ಮೆ, ಲಾರಿಯ ಕ್ಯಾಬಿನ್ನಿನಲ್ಲಿ ಇದಕ್ಕಿಂತ ಗಾಳಿ ಇರುತ್ತಿತ್ತು ಎಂದರು. ಮೆಚ್ಚುಗೆಯ ಮಾತೇ ಇರಬೇಕೆಂದು ನಕ್ಕೆ.

ಮೊದಲು ಚಿಕ್ಕವಳಿಗೆ ನೆಗಡಿಯಾಯಿತು. ಶಾಲೆಯಿಂದ ತಂದಿದ್ದಾಳೆ ಎಂದು ತೀರ್ಪು ಕೊಟ್ಟೆ. ಹಿಂದೆಯೇ ದೊಡ್ಡವಳು, ಆಮೇಲೆ ಹೆಂಡತಿ. ಒಂದೇ ಹಿಂದಿನ ಕೋಣೆಯಲ್ಲಿ ಮೂವರನ್ನು ಪ್ರತ್ಯೇಕವಾಗಿಡುವುದು ಹೇಗೆಂದು ನನ್ನ ನಿಯಮದಲ್ಲಿ ಇರಲಿಲ್ಲ. ಮಾವ ಮಾತ್ರ ಗಟ್ಟಿಯಾಗಿದ್ದರು. ಮುಖಕ್ಕೆ ಕಳೆಯೂ ಬಂದಿತ್ತು. ನಾನು ಶಾಪಿನಲ್ಲಿ ಗಿರಾಕಿಗಳ ಕಿವಿಗೆಲ್ಲ ನನ್ನ ಸಾಧನೆ ತುಂಬಿದೆ. ಕಟಿಂಗ್ ಅರ್ಧವಾಗಿರುವಾಗ ಎದ್ದುಹೋಗುವಂತಿಲ್ಲವಲ್ಲ, ಪಾಪ, ಅವರು ಕೇಳಿಸಿಕೊಂಡರು.

ಒಂದು ದಿನ ಒಣಗಿದ ಟವೆಲು ತರಲು ಮಧ್ಯಾಹ್ನಕ್ಕೆ ಮುಂಚೆ ಮನೆಗೆ ಹೋದೆ. ಹೆಂಡತಿ, ಮಕ್ಕಳು ಹುಷಾರಾಗದಿದ್ದರೂ ಕೆಲಸಕ್ಕೆ, ಶಾಲೆಗೆ ಹೋಗಿದ್ದರು. ಮಾವ ಕಂಬಳಿ ಹೊದ್ದು ಮಲಗಿದ್ದರು. ಸದ್ದು ಮಾಡಬಾರದೆಂದು ತುದಿಗಾಲಲ್ಲಿ ನಡೆದೆ. ಉಸಿರಾಟ ಸರಿಯಾಗಿದೆಯೇ ಎಂದು ಬಗ್ಗಿ ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ನನ್ನ ಜೀವವೇ ಬಾಯಿಗೆ ಬಂತು. ಕಂಬಳಿ ಸರಿಸಿದರೆ, ಎರಡು ದಿಂಬು.

ಬೀದಿ ಬೀದಿ ಹುಡುಕಿದೆ. ಕೊನೆಗೆ ಟೈರಿನ ಅಂಗಡಿಯ ಅಂಗಳದಲ್ಲಿ ಸಿಕ್ಕರು. ಹಳೆಯ ಟೈರಿನ ಮೇಲೆ, ಬಿಸಿಲಿಗೆ ಬೆನ್ನು ಕೊಟ್ಟು, ಸ್ವೆಟರಿನ ಗುಂಡಿ ಬಿಚ್ಚಿಕೊಂಡು, ಅಂಗಡಿಯವನ ಜೊತೆ ಚಹಾ ಕುಡಿಯುತ್ತ ಯಾವುದೋ ಘಾಟಿಯ ಕಥೆ ಹೇಳುತ್ತಿದ್ದರು. ನನ್ನನ್ನು ಕಂಡು ಮೆಲ್ಲಗೆ ಗುಂಡಿ ಹಾಕಿಕೊಂಡರು.

“ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ,” ಎಂದರು. “ಒಳಗೆ ಉಸಿರು ಕಟ್ಟುತ್ತೆ. ನೀವು ಅಷ್ಟು ಕಷ್ಟಪಟ್ಟು ಅಂಟಿಸಿದ್ದೀರಿ, ಹೇಗೆ ಹೇಳೋದು ಅಂತ ದಿನಾ ನೀವು ಹೋದ್ಮೇಲೆ ಬಂದು ಕೂತ್ಕೊಳ್ತೀನಿ.”

ಆರೋಗ್ಯದ ಬಗ್ಗೆ ದೊಡ್ಡದೊಂದು ಭಾಷಣಕ್ಕೆ ನಾನು ಬಾಯಿ ತೆರೆದೆ. ಬಂದದ್ದು ಸೀನು. ಒಂದಲ್ಲ, ಸಾಲಾಗಿ, ನೇರ ಮಾವನವರ ಮುಖಕ್ಕೆ. ಟೈರಿನ ಅಂಗಡಿಯವನು ತನ್ನ ಚಹಾದ ಲೋಟವನ್ನು ಕೈಯಿಂದ ಮುಚ್ಚಿಕೊಂಡು ದೂರ ಸರಿದ.

ಸಂಜೆಗೆ ನನಗೆ ಜ್ವರ ಏರಿತು. ಶಾಪು ಮುಚ್ಚಬೇಕಾಯಿತು, ಸೀನುವ ಕ್ಷೌರಿಕನ ಕತ್ತಿಗೆ ಯಾರು ತಾನೆ ಕುತ್ತಿಗೆ ಕೊಟ್ಟಾರು? ಮಕ್ಕಳು ನನ್ನ ಟವೆಲು, ನನ್ನ ಲೋಟ ಸಮೇತ ನನ್ನನ್ನು ಹಿಂದಿನ ಕೋಣೆಗೆ ಹಾಕಿದರು. ನೀರು ಕೇಳಿದರೆ, ರೋಗಿಗಳು ಹೆಚ್ಚು ಮಾತಾಡಬಾರದು ಎಂದು ದೊಡ್ಡವಳು ಬಾಗಿಲಿನಿಂದಲೇ ನೆನಪಿಸಿದಳು. ಮಾಡಿದ್ದುಣ್ಣೋ ಮಹರಾಯ ಎನ್ನುವುದು ಇದಕ್ಕೇ.

ಮಲಗಿದ ಜಾಗದಿಂದ ಬೀರುವಿನ ಹಿಂಭಾಗ ಕಾಣುತ್ತಿತ್ತು. ಅಲ್ಲಿ ನೆಲದಿಂದ ಮೊಣಕಾಲೆತ್ತರಕ್ಕೆ ಗೋಡೆ ಕಪ್ಪಾಗಿತ್ತು. ಮೊದಲು ನೆರಳೆಂದುಕೊಂಡೆ. ಕೈ ಚಾಚಿ ಮುಟ್ಟಿದರೆ ಬೆರಳಿಗೆ ಬೂಷ್ಟು ಮೆತ್ತಿಕೊಂಡಿತು. ಹೊಸದಾಗಿ ಮೂಡಿದ ಮೀಸೆಯ ಹಾಗೆ ಮೆತ್ತಗಿತ್ತು. ಬೆಳಿಗ್ಗೆ ಸಂಜೆ ಫಿನಾಯಿಲ್ ಹಾಕಿದವನು ಬೀರುವಿನ ಹಿಂದೆ ಇಣುಕಿಯೇ ಇರಲಿಲ್ಲ. ನನ್ನ ಶುಚಿತ್ವವೆಲ್ಲ ಕಣ್ಣಿಗೆ ಕಾಣುವ ಕಡೆ ಮಾತ್ರ.

ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಕೆಮ್ಮುತ್ತಲೇ ನೋಡಿದಳು.

“ಮನೆಯೊಳಗೆ ತೇವ ಇರಬಾರದು, ದಿನಾ ಕಿಟಕಿ ತೆಗೀಬೇಕು, ಗಾಳಿ ಬೆಳಕು ಆಡಬೇಕು ಅಂತ ಡಾಕ್ಟ್ರು ಅವತ್ತೇ ಹೇಳಿದ್ರು ಕಣ್ರೀ.”

“ನನಗೆ ಕೇಳಿಸಲಿಲ್ವಲ್ಲ.”

“ನೀವು ಅವರ ತಲೆ ನೋಡ್ತಾ ಕೂತಿದ್ರಿ.”

“ಹಾಗಾದ್ರೆ ನಾನು ಪೇಪರ್ ಅಂಟಿಸೋವಾಗ ನೀನಾದ್ರೂ ಹೇಳಬಾರದಿತ್ತಾ?”

“ಮದುವೆಯಾದ್ಮೇಲೆ ಮೊದಲನೇ ಸಲ ಮನೆ ಕೆಲಸ ಮಾಡ್ತಿದ್ರಿ. ಬೇಡ ಅನ್ನೋಕೆ ಮನಸ್ಸು ಬರಲಿಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಮುಂದಿನ ಕೋಣೆಯಿಂದ ಕರಕರ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಮಾವನವರು ಸ್ಟೂಲಿನ ಮೇಲೆ ನಿಂತು ಕಿಟಕಿಯ ಪೇಪರ್ ಹೆರೆಯುತ್ತಿದ್ದರು, ಶಾಪು ಮುಚ್ಚಿದಾಗ ನಾನು ಮನೆಗೆ ತಂದಿಟ್ಟಿದ್ದ ನನ್ನ ಅತ್ಯುತ್ತಮ ಕತ್ತಿಯಿಂದ. ಅದಕ್ಕೆ ಆಮೇಲೆ ಎಷ್ಟು ಸಾಣೆ ಹಿಡಿದರೂ ಪೆನ್ಸಿಲು ಚೂಪು ಮಾಡುವುದಕ್ಕೆ ಮಾತ್ರ ಬಂತು. ಆದರೆ ಆಗ ಕಿಟಕಿ ತೆರೆದುಕೊಂಡಿತು. ತಣ್ಣನೆಯ ಗಾಳಿಯೊಂದು ಒಳಗೆ ಬಂದಾಗಲೇ ನಮ್ಮ ಮನೆ ಅದುವರೆಗೆ ಎಂಥ ವಾಸನೆ ಬೀರುತ್ತಿತ್ತೆಂದು ನನ್ನ ಕಟ್ಟಿದ ಮೂಗಿಗೂ ತಿಳಿದದ್ದು.

ಅಂದು ರಜೆಯಾದ್ದರಿಂದ ಎಲ್ಲರೂ ಕೈಹಚ್ಚಿದರು. ಬೀರುವನ್ನು ಗೋಡೆಯಿಂದ ಎಳೆದರು. ಹೆಂಡತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೋಡಾ ಪುಡಿಯ ನೀರಿನಲ್ಲಿ ಗೋಡೆ ಉಜ್ಜಿದಳು. ಹಾಸಿಗೆ, ದಿಂಬು, ಕಂಬಳಿ ಎಲ್ಲವೂ ತಾರಸಿಯ ಬಿಸಿಲಿಗೆ ಹೋದವು. ಬಟ್ಟೆ ಒಣಹಾಕುವ ಹಗ್ಗವೂ ಹೋಯಿತು. ನಾನು ಕುರ್ಚಿಯಲ್ಲಿ ಶಾಲು ಸುತ್ತಿಕೊಂಡು ಕೂತು, ಚಳಿ ಚಳಿ ಎಂದು ಗೊಣಗುವ ನನ್ನ ಹಳೆಯ ಕೆಲಸಕ್ಕೆ ಮರಳಿದೆ.

ಅದಾದ ಎರಡನೆಯ ದಿನ ಮಾವ ಕೆಮ್ಮಿದರು.

ಸಣ್ಣ ಕೆಮ್ಮು. ಆದರೆ ಅದು ನನ್ನದು, ಟೈರಿನ ಅಂಗಳದಲ್ಲಿ ನಾನೇ ಕೈಯಾರೆ ಕೊಟ್ಟದ್ದು ಎಂದು ನನಗೆ ಗೊತ್ತಿತ್ತು. ನಗುವುದಕ್ಕೆ ಬರುವಂಥದೇನೂ ಅದರಲ್ಲಿ ಇರಲಿಲ್ಲ. ರಾತ್ರಿಯೆಲ್ಲ ಗೋಡೆಯ ಆಚೆ ಅವರು ಉಸಿರೆಳೆಯುವುದನ್ನೇ ಕೇಳುತ್ತ ಮಲಗಿದೆ. ಎದೆಯೊಳಗೆ ಗೊರಗೊರ ಎನ್ನುತ್ತಿದೆಯೇ, ಇಲ್ಲವೇ? ಬೆಳಗಾಗುತ್ತಲೇ, ನನಗೇ ಕಾಲು ನಿಲ್ಲದಿದ್ದರೂ, ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ದಾರಿಯಲ್ಲಿ ಯಾರು ಯಾರನ್ನು ಹಿಡಿದುಕೊಂಡಿದ್ದರೋ ಹೇಳುವುದು ಕಷ್ಟ. ಡಾಕ್ಟರು ಬೆನ್ನಿಗೂ ಎದೆಗೂ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ನಾನು ಅವರ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಎದೆ ಸ್ವಚ್ಛವಾಗಿದೆ, ಬರೀ ನೆಗಡಿ, ವಿಶ್ರಾಂತಿ ಸಾಕು, ಉಸಿರು ಕಷ್ಟವಾದರೆ ಮಾತ್ರ ತಕ್ಷಣ ಬನ್ನಿ ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ನೆಗಡಿಯಿಂದ ಬಂತು ಎಂದೆ.

ಹೊರಗೆ ಬಂದ ಮೇಲೆ ಮಾವ ನನ್ನ ಭುಜ ತಟ್ಟಿದರು. “ನೆಗಡಿ ಬಂತು ಅಂತ ಯಾರಾದ್ರೂ ಮೂಗು ಕೊಯ್ಕೋತಾರಾ? ನೀವು ಮನೆಯ ಮೂಗನ್ನೇ ಕೊಯ್ದಿದ್ರಿ. ಹೋಗಲಿ ಬಿಡಿ. ನನಗೋಸ್ಕರ ಅಷ್ಟು ಒದ್ದಾಡಿದವರು ನೀವೊಬ್ಬರೇ.”

ಅವರ ನೆಗಡಿ ಬಂದ ದಾರಿಯಲ್ಲೇ ಹೋಯಿತು. ಈಗ ನಮ್ಮ ಮನೆಯಲ್ಲಿ ಚಳಿಗಾಲದಲ್ಲೂ ಬಿಸಿಲು ಬಂದ ಕೂಡಲೇ ಕಿಟಕಿ ತೆರೆಯುತ್ತೇವೆ. ಕೈ ತೊಳೆಯುವ ನಿಯಮವೊಂದು ಉಳಿದುಕೊಂಡಿದೆ. ಅದೊಂದು ಸರಿಯಾಗಿತ್ತು ಎಂದು ಹೆಂಡತಿಯೇ ಒಪ್ಪಿಕೊಂಡಿದ್ದಾಳೆ. ಬೀರು ಸರಿಸಿ ಹಿಂದೆ ಒರೆಸುವ ಕೆಲಸ ಖಾಯಮ್ಮಾಗಿ ನನಗೆ ಬಿದ್ದಿದೆ.

ಮಾವ ನಮ್ಮಲ್ಲೇ ಉಳಿದರು. ಹೊತ್ತು ಹೋಗಲಿ ಎಂದು ದಿನವೂ ಶಾಪಿಗೆ ಬಂದು ಬೆಂಚಿನ ಮೇಲೆ ಕೂತು, ಬಂದವರಿಗೆಲ್ಲ ಈ ಕಥೆ ಹೇಳುತ್ತಾರೆ. ಹೇಳಿದಷ್ಟೂ ಕಥೆ ಬೆಳೆಯುತ್ತಿದೆ. ಮೊನ್ನೆಯ ಆವೃತ್ತಿಯಲ್ಲಿ ನಾನು ಬಚ್ಚಲ ತೂಬಿಗೂ ಪೇಪರ್ ಅಂಟಿಸಿದ್ದೆ. ಕುರ್ಚಿಯಲ್ಲಿ ಕೂತ ಗಿರಾಕಿ ಸೋಪಿನ ನೊರೆಯೊಳಗೇ ಕುಲುಕುಲು ನಗುತ್ತಾನೆ. ನಗುವ ಗಲ್ಲಕ್ಕೆ ಕತ್ತಿ ಹಚ್ಚುವಂತಿಲ್ಲ. ಅವನ ನಗು ನಿಲ್ಲುವವರೆಗೆ ನಾನು ಕತ್ತಿ ಎತ್ತಿ ಹಿಡಿದು, ನನ್ನ ಕಥೆಯನ್ನು ನಾನೇ ಕೇಳಿಸಿಕೊಳ್ಳುತ್ತ ನಿಂತಿರುತ್ತೇನೆ.