ಎತ್ತು ಹೊಕ್ಕ ಬಾಗಿಲು

ಅಕ್ಕನನ್ನು ಎತ್ತಿ ಎತ್ತಿಯೇ ನನ್ನ ಸೊಂಟ ಗಟ್ಟಿಯಾದದ್ದು. ಕೂಸಿದ್ದಾಗ ಬಂದ ಪೋಲಿಯೊ ಅವಳ ಎರಡೂ ಕಾಲಿನ ಬಲ ಒಯ್ದಿತ್ತು. ಮೊದಲು ಅಪ್ಪ, ಆಮೇಲೆ ಅವ್ವ, ಅವರಿಬ್ಬರೂ ಹೋದ ಮೇಲೆ ನಾನು ಅವಳನ್ನು ಬಾಗಿಲು ದಾಟಿಸುತ್ತ ಬಂದೆವು. ಗಬ್ಬೂರಿನಲ್ಲಿ ನನ್ನ ಬಾಡಿಗೆ ಮನೆ ಮಹಡಿಯ ಮೇಲೆ. ಕೆಳಗಿಳಿದು ನಾಲ್ಕು ಮಂದಿಯ ಜೊತೆ ಮಾತಾಡಬೇಕೆಂದರೂ ಅವಳು ನಾನು ಶಾಲೆಯಲ್ಲಿ ಪಾಠ ಮಾಡಿ ಮುಗಿಸಿ ಬರುವುದನ್ನೇ ಕಾಯಬೇಕು. ಕಾದು ಕಾದು, ನಾನು ಬಂದಾಗ ನನ್ನ ಮುಖ ನೋಡಿ, "ದಣದಿ, ಬ್ಯಾಡ ಬಿಡು" ಎನ್ನುತ್ತಿದ್ದಳು. ಆ "ಬ್ಯಾಡ ಬಿಡು" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಹೀಗಿರುವಾಗ ಶಿರಗುಪ್ಪಿಯ ಆಚೆಗಿನ ನಮ್ಮೂರಿನಿಂದ ಸುದ್ದಿ ಬಂತು. ಊರವರೇ ಕೂಡಿ ಒಂದು ಟ್ರಸ್ಟ್ ಮಾಡಿಕೊಂಡಿದ್ದರು. ಕೀಲಿ ಬಿದ್ದು ಕುಸಿಯುತ್ತಿದ್ದ ಹಳೆಯ ಮಣ್ಣಿನ ಮನೆಗಳನ್ನು ದುರಸ್ತಿ ಮಾಡಿ, ಸ್ವಂತ ಮನೆ ಇಲ್ಲದವರಿಗೆ ಕಡಿಮೆ ಬಾಡಿಗೆಗೆ ಕೊಡುತ್ತಿದ್ದರು. ನಡೆಯಲಾಗದವರಿಗೆ ಮೊದಲ ಪಾಳಿ. ಟ್ರಸ್ಟಿನ ಹಿರಿಯರನ್ನು ನಾವು ಚಿಕ್ಕಂದಿನಿಂದ ಕಾಕಾ ಎನ್ನುತ್ತೇವೆ. ಅವರೇ ಫೋನ್ ಮಾಡಿ, "ಅಕ್ಕನ್ನ ಕರಕೊಂಡು ಬಾ ಯವ್ವಾ, ಮನಿ ನೋಡಲಿ" ಎಂದರು.

ಅಕ್ಕ ಕೇಳಿದ್ದು ಒಂದೇ ಮಾತು: "ಅಲ್ಲೆ ನಾ ಯಾರನ್ನೂ ಕರೀದ ಒಳಗ ಹೊರಗ ಅಡ್ಡಾಡಬಹುದೇನು?"

ಅವಳನ್ನು ಗಾಲಿಕುರ್ಚಿಯ ಸಮೇತ ಕರೆದುಕೊಂಡು ಹೋದೆ. ಮನೆ ನಮ್ಮ ಕಡೆಯ ಹಳೆಯ ಮಾದರಿಯದು. ತಲಬಾಗಿಲು ದಾಟಿದರೆ ಮೊದಲು ನೆಲಮಟ್ಟದಲ್ಲಿ ದನ ಕಟ್ಟುವ ಜಾಗ. ಅದರಾಚೆ ಸೊಂಟದೆತ್ತರದ ಕಟ್ಟೆ, ಕಟ್ಟೆಯ ಮೇಲೆ ಮನುಷ್ಯರ ಪಡಸಾಲೆ, ಅಡುಗೆಮನೆ. ಅಕ್ಕನಿಗಾಗಿ ಕಾಕಾ ಆ ಕಟ್ಟೆಗೆ ಇಳಿಜಾರು ಕಟ್ಟಿಸಿದ್ದರು. ಅದನ್ನು ನೋಡಿದ್ದೇ ತಡ, ನನ್ನ ಬಾಯಿ ಶುರುವಾಯಿತು.

"ಇದು ಜಾರುಬಂಡಿ ಆತಲ್ರಿ ಕಾಕಾ! ಆಕಿ ಹತ್ತೂದು ಹ್ಯಾಂಗ? ಮತ್ತ ನಾನ ಬಂದು ನೂಕಬೇಕು."

"ಜಾಗಾ ಇದ್ದಷ್ಟ ಉದ್ದ ಮಾಡೇವಿ. ಇನ್ನೂ ಉದ್ದ ಮಾಡಿದ್ರ ಓಣ್ಯಾಗ ಹೋಗತೈತಿ."

"ಹಂಗಾದ್ರ ನಮಗ್ಯಾಕ ಕರಸಿದ್ರಿ?"

"ಮತ್ತ ಏನ ಮಾಡಲಿ? ಊರ ಮಗಳನ್ನ ದನದ ಜಾಗಾದಾಗ ಇಡಾಕ ಬರತೈತೇನು? ಮಂದಿ ಮಾರಿ ಮ್ಯಾಲೆ ಉಗುಳತಾರ!"

ನಮ್ಮ ಜಗಳದ ಭರದಲ್ಲಿ ಅಕ್ಕನನ್ನು ಮರೆತಿದ್ದೆವು. ತಿರುಗಿ ನೋಡಿದರೆ, ದನದ ಜಾಗದಲ್ಲಿ ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಆ ಗೋಡೆಯಿಂದ ಈ ಗೋಡೆಗೆ ಓಡಾಡುತ್ತಿದ್ದಾಳೆ! ಮೇವು ಹಾಕುತ್ತಿದ್ದ ಗ್ವಾದಲಿಯ ಅಂಚಿಗೆ ಅಂಗೈ ಊರಿ ಎತ್ತರ ನೋಡುತ್ತಿದ್ದಾಳೆ. ಮೇಲಿನ ಬೆಳಕಿಂಡಿಯಿಂದ ಬಿಸಿಲು ಅವಳ ತೊಡೆಯ ಮೇಲೆ ಬಿದ್ದಿತ್ತು.

"ಇದರ ಮ್ಯಾಲೆ ಒಂದು ಕಲ್ಲು ಹಾಸಿಕೊಡ್ರಿ ಕಾಕಾ, ಒಲಿ ಇಡತೇನಿ" ಎಂದಳು. "ಎತ್ತಿಗೆ ಮೆಟ್ಟಲಾ ಹತ್ತಾಕ ಬರೂದಿಲ್ಲ ಅಂತ ಇಷ್ಟ ಅಗಲ ಬಾಗಲಾ, ಇಷ್ಟ ಸಪಾಟ ನೆಲಾ ಮಾಡ್ಯಾರ. ನನಗೂ ಅದ ಬೇಕು. ನನ್ನನ್ನ ಆ ಕಟ್ಟಿ ಮ್ಯಾಲೆ ಹತ್ತಸಬ್ಯಾಡ್ರಿ."

"ಮಂದಿ ಏನಂದಾರು ಅಕ್ಕಾ?" ಎಂದೆ ನಾನು.

"ಸುಮ್ಮನಿರು ನೀ. ಮಂದಿ ಇಷ್ಟ ದಿನಾ ನನ್ನ ಜ್ವಾಳದ ಚೀಲಧಂಗ ಎತ್ತಿ ಇಳಿಸ್ಯಾರ. ಅದಕ್ಕಿಂತ ಇದು ಛಲೋ."

ನಾನು ಬಾಗಿಲ ಕಡೆ ನೋಡಿದೆ. ಜೋಡೆತ್ತು ಒಟ್ಟಿಗೆ ಹೊಗುವಷ್ಟು ಅಗಲ. ಕಲ್ಲಿನ ಹೊಸ್ತಿಲು ಗೊರಸು ತುಳಿದು ತುಳಿದು ನಡುವೆ ಸವೆದು ನೆಲಕ್ಕೆ ಹತ್ತಿತ್ತು. ಯಾವ ಕಾಲದವರೋ, ಮೂಕಪ್ರಾಣಿಯ ಕಾಲಿನ ಕಷ್ಟ ತಿಳಿದು ಕಟ್ಟಿದ ಮನೆ. ಎಂಥ ಮನಸ್ಸು ಅವರದು! ಅವರು ಯಾರೆಂದು ಗೊತ್ತಿಲ್ಲದೆಯೇ ನಾನು ಆ ಕಲ್ಲಿಗೆ ಕೈ ಮುಗಿದೆ. ಕಾಕಾ ಇಳಿಜಾರು ಒಡೆಸಿದರು, ಸುಣ್ಣ ಬಳಿಸಿದರು, ಗ್ವಾದಲಿಯ ಮೇಲೆ ಕಲ್ಲು ಹಾಸಿದರು. ಮೂಲೆಯಲ್ಲಿ ಕುರ್ಚಿ ಹೊಗುವಂಥ ಬಚ್ಚಲು, ತಲಬಾಗಿಲಿಗೆ ಅವಳ ಕೈಗೆ ನಿಲುಕುವಲ್ಲಿ ಅಗಳಿ.

ನಾನು ಗಬ್ಬೂರಿನಲ್ಲೇ ಇರುವುದು, ಅಕ್ಕ ಇಲ್ಲಿ ಎಂದಾಗಿತ್ತು. ಅವಳು ಬಂದಿಳಿಯುವ ದಿನ ಓಣಿಯ ಮಂದಿಯೆಲ್ಲ ಸೇರಿದ್ದರು. ಕುರ್ಚಿ ಹೊಸ್ತಿಲ ಮುಂದೆ ಬಂದೊಡನೆ, ಹಾಳಾದ ರೂಢಿ ನೋಡಿ, ನನ್ನ ಎರಡೂ ಕೈ ಅವಳ ಕಂಕುಳಿಗೆ ಹೋದವು.

"ಕೈ ತಗಿ" ಎಂದಳು ಅಕ್ಕ.

ತೆಗೆದೆ. ಅವಳು ಎರಡೂ ಗಾಲಿ ಹಿಡಿದು ತಳ್ಳಿದಳು. ಗಾಲಿಗಳು ಗೊರಸು ಸವೆಸಿದ ತಗ್ಗಿನಲ್ಲಿ ಉರುಳಿ ಒಳಗೆ ಹೋದವು. ಆಮೇಲೆ ಎರಡೂ ಕದ ಮುಚ್ಚಿಕೊಂಡವು, ಒಳಗಿನಿಂದ ಅಗಳಿ ಬಿದ್ದ ಸದ್ದಾಯಿತು. ನಾವೆಲ್ಲ ಹೊರಗೆ ಪೆಚ್ಚಾಗಿ ನಿಂತೆವು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ಬಿದ್ದಳೇನೋ ಎಂದು ಓಡಿ ಹೋಗಿ ಬಾಗಿಲು ಬಡಿದೆ.

"ಯಾರದು?"

"ನಾ ಅಕ್ಕಾ!"

ಕದ ತೆರೆಯಿತು. ಅಕ್ಕನ ತೊಡೆಯ ಮೇಲೆ ನೀರು ತುಂಬಿದ ಚರಿಗೆ. ಅದನ್ನು ಎರಡೂ ಕೈಯಲ್ಲಿ ನನ್ನತ್ತ ಚಾಚಿದಳು.

"ತಗೋ, ಕಾಲ ತೊಳಕೊಂಡು ಒಳಗ ಬಾ. ಚಾ ಇಡತೇನಿ."

ಕೂಸಿದ್ದಾಗಿನಿಂದ ಬಾಗಿಲು ದಾಟಿಸಿಕೊಂಡೇ ಬಂದವಳ ಮನೆಗೆ ನಾನು ಬಂದಿದ್ದೆ. ಅಂಗಳದಲ್ಲಿ ನಿಂತು, ಅಳುತ್ತಲೇ ಕಾಲು ತೊಳೆದುಕೊಂಡೆ.